ಚೀಲ ತೀರ್ಮಾನ ಮಾಡಲ್ಲ: ಆನ್‌ಲೈನ್‌ನಲ್ಲಿ ಬಿಸಿನೆಸ್ ಇನ್‌ಫರ್ಮ್ಯಾಟಿಕ್ಸ್ ಓದಿದ ಒಂದು ಪ್ರಕರಣ

2022ರ ಮಾರ್ಚ್ ತಿಂಗಳ ಒಂದು ಭಾನುವಾರ. ಜರ್ಮನಿಯಿಂದ ತಂಗಿಯ ವಿಡಿಯೊ ಕಾಲ್ ಬಂತು. "ಅಣ್ಣಯ್ಯ, ರಿಸಲ್ಟ್ ಬಂತು. ಐದು" ಅಂದಳು. ಅಪ್ಪಯ್ಯ ಪಕ್ಕದಲ್ಲೇ ಕೂತು ಕವಳಕ್ಕೆ ಸುಣ್ಣ ಹಚ್ಚುತ್ತಿದ್ದರು. "ಐದಕ್ಕೆ ಐದಾ?" ಅಂತ ಮುಖ ಅರಳಿಸಿದರು. ಅಲ್ಲಿಯ ಅಂಕದ ಲೆಕ್ಕ ನಮ್ಮದಕ್ಕೆ ಉಲ್ಟಾ. 1.0 ಬಂದರೆ ಎಲ್ಲಕ್ಕಿಂತ ಒಳ್ಳೆಯದು. 4.0 ಬಂದರೆ ಹೆಂಗೋ ದಾಟಿದ ಹಾಗೆ. 5.0 ಅಂದರೆ ಫೇಲು.

ಫೇಲಾಗಿದ್ದು ಯಾವುದರಲ್ಲಿ ಅನ್ನುವುದೇ ವಿಚಿತ್ರ. ಅವಳ ಆನ್‌ಲೈನ್ ಮಾಸ್ಟರ್ಸ್ ಓದಿನ ಆ ಸೆಮಿಸ್ಟರಿನಲ್ಲಿ ಮೂರು ವಿಷಯ ತಗೊಂಡಿದ್ದಳು: ಪ್ರೋಗ್ರಾಮಿಂಗ್, ಡೇಟಾಬೇಸ್, ಮತ್ತೆ ಬಿಸಿನೆಸ್ ಪ್ರಾಸೆಸ್ ಮಾಡೆಲಿಂಗ್, ಅಂದರೆ ಕಂಪನಿಯ ಕೆಲಸ ಹೆಜ್ಜೆ ಹೆಜ್ಜೆಯಾಗಿ ಹೇಗೆ ಸಾಗುತ್ತದೆ ಅಂತ ಚಿತ್ರ ಬರೆಯುವುದು. ಪ್ರೋಗ್ರಾಮಿಂಗ್ ಅಂದರೆ ಅವಳಿಗೆ ನಡುಕ, ಅದು ಪಾಸಾಯಿತು. ಡೇಟಾಬೇಸೂ ಪಾಸು. ಎಂಟು ವರ್ಷ ಅದೇ ಕೆಲಸ ಮಾಡಿ ಸಂಬಳ ತಗೊಂಡಿದ್ದ ವಿಷಯ ಯಾವುದಿತ್ತೋ ಅದರಲ್ಲೇ ಹೋಯಿತು.

ಇದು ಯಾಕೆ ಹಾಗಾಯಿತು, ಆಮೇಲೆ ಏನಾಯಿತು ಅಂತ ಬರೆದಿಡಬೇಕು ಅನ್ನಿಸಿತು. ತಂಗಿ ಒಪ್ಪಿದಳು. ವಿಶ್ವವಿದ್ಯಾಲಯದ ಹೆಸರು, ಕಂಪನಿಯ ಹೆಸರು ಬರೆಯಬಾರದು ಅಂತ ಷರತ್ತು ಹಾಕಿದಳು. ನನ್ನ ಹತ್ತಿರ ಇರುವ ದಾಖಲೆ ಅಂದರೆ ನಾಲ್ಕು ವರ್ಷದ ಭಾನುವಾರದ ಮಾತುಕತೆ, ಅವಳು ಫೋಟೊ ತೆಗೆದು ಕಳಿಸಿದ ನೋಟ್‌ಬುಕ್ ಪುಟಗಳು, ಮತ್ತೆ ಅವಳು ಗಂಟೆ ಬರೆದಿಟ್ಟ ಒಂದು ಎಕ್ಸೆಲ್ ಹಾಳೆ. ನಾನು ಶಿವಮೊಗ್ಗದಲ್ಲಿ ಅಂಗಡಿ, ಮಂಡಿಗಳಿಗೆ ಲೆಕ್ಕ ಬರೆದುಕೊಡುವವನು. ದಿನವಿಡೀ ಟ್ಯಾಲಿ, ಜಿಎಸ್‌ಟಿ. ಹಾಗಾಗಿ ನನ್ನ ಕಣ್ಣಿಗೆ ಕಂಡಿದ್ದು ಸ್ವಲ್ಪ ಆ ಕಡೆಯಿಂದಲೇ ಇರುತ್ತದೆ.

ಹಿನ್ನೆಲೆ

ತಂಗಿ ಓದಿದ್ದು ಶಿವಮೊಗ್ಗದಲ್ಲಿ ಬಿ.ಕಾಂ. ಆಮೇಲೆ ಬೆಂಗಳೂರಿನಲ್ಲಿ ಎಂಟು ವರ್ಷ ಒಂದು ಐಟಿ ಕಂಪನಿಯಲ್ಲಿ ಎಸ್‌ಎಪಿ ಸಪೋರ್ಟ್. ಎಸ್‌ಎಪಿ ಅಂದರೆ ಕಂಪನಿಗಳು ಖರೀದಿ, ಲೆಕ್ಕ ಎಲ್ಲ ನಡೆಸುವ ಸಾಫ್ಟ್‌ವೇರ್. ಯಾವುದೋ ದೇಶದ ಯಾವುದೋ ಕಾರ್ಖಾನೆಯಲ್ಲಿ ಬಿಲ್ ಪಾಸಾಗದೆ ನಿಂತರೆ ಇವಳಿಗೆ ಟಿಕೆಟ್, ಅಂದರೆ ದೂರು ಬರುತ್ತಿತ್ತು. ನೋಡಿ ಸರಿಮಾಡುತ್ತಿದ್ದಳು. 2019ರಲ್ಲಿ ಗಂಡನ ಕೆಲಸದ ಮೇಲೆ ಮಾನ್‌ಹೈಮ್ ಕಡೆಗೆ ಹೋದರು. ಅಲ್ಲಿ ಜರ್ಮನ್ ಕಲಿತಳು. ಸಿ-1 ಅನ್ನುವ ಮೇಲ್ಮಟ್ಟ ಮುಟ್ಟಿದ ಮೇಲೆ ಯಂತ್ರದ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ವಾರಕ್ಕೆ 30 ಗಂಟೆಯ ಕೆಲಸ ಸಿಕ್ಕಿತು. ಅಲ್ಲೂ ಅದೇ ಸಪೋರ್ಟ್. "ಬರೀ ಸಪೋರ್ಟ್ ಮಾಡಿ ಮಾಡಿ ಸಾಕಾಗಿದೆ ಅಣ್ಣಯ್ಯ. ಬೇರೆಯವರು ತೀರ್ಮಾನ ಮಾಡ್ತಾರೆ, ನಾನು ರಿಪೇರಿ ಮಾಡ್ತೀನಿ" ಅನ್ನುತ್ತಿದ್ದಳು. ತೀರ್ಮಾನ ಆಗುವ ಕೋಣೆಯೊಳಗೆ ಕೂರಬೇಕಾದರೆ ಮಾಸ್ಟರ್ಸ್ ಇದ್ದರೆ ಒಳ್ಳೆಯದು ಅಂತ ಮೇಲಿನವರು ಹೇಳಿದ್ದರಂತೆ.

ಅವಳು ಆರಿಸಿಕೊಂಡ ವಿಷಯಕ್ಕೆ ಜರ್ಮನ್‌ನಲ್ಲಿ ವಿರ್ಟ್‌ಶಾಫ್ಟ್ಸ್‌ಇನ್‌ಫರ್ಮಾಟಿಕ್ ಅಂತ ಹೆಸರು. ನಮ್ಮಲ್ಲಿ ಬಿಸಿನೆಸ್ ಇನ್‌ಫರ್ಮ್ಯಾಟಿಕ್ಸ್ ಅಂದರೂ ಬಹಳ ಜನಕ್ಕೆ ಗೊತ್ತಾಗುವುದಿಲ್ಲ. ಎಂಬಿಎ ಅಲ್ಲ, ಎಂಸಿಎ ಅಲ್ಲ, ಎರಡರ ನಡುವಿನದು. ಅಂಗಡಿಯವನಿಗೂ ಕಂಪ್ಯೂಟರಿನವನಿಗೂ ನಡುವೆ ನಿಂತು ದುಭಾಷಿ ಕೆಲಸ ಮಾಡುವವರನ್ನು ತಯಾರು ಮಾಡುವ ಓದು. ಜರ್ಮನ್ ಆಡುವ ದೇಶಗಳಲ್ಲಿ ಇದಕ್ಕೆ ಹಳೆಯ ಬೇರಿದೆ. 1968ರಲ್ಲೇ ಪೀಟರ್ ಮೆರ್ಟೆನ್ಸ್ ಆಸ್ಟ್ರಿಯಾದ ಲಿಂಟ್ಸ್‌ನಲ್ಲಿ ಈ ವಿಷಯದ ಪ್ರೊಫೆಸರ್ ಆದರು. 1972ರಲ್ಲಿ ಐಬಿಎಂ ಬಿಟ್ಟ ಐದು ಜನ ಸೇರಿ ಎಸ್‌ಎಪಿ ಕಂಪನಿ ಕಟ್ಟಿದರು. ಅದರ ಈಗಿನ ಕೇಂದ್ರ ಕಚೇರಿ ವಾಲ್‌ಡೋರ್ಫ್ ತಂಗಿಯ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ. ಅದೇ ಎಸ್‌ಎಪಿ 1998ರಲ್ಲಿ ಬೆಂಗಳೂರಿಗೆ ಬಂದು ಲ್ಯಾಬ್ ತೆರೆಯಿತು. ಅವಳು ಎಂಟು ವರ್ಷ ಬೆಂಗಳೂರಿನಲ್ಲಿ ಅನ್ನ ತಿಂದಿದ್ದು ಅದೇ ಸಾಫ್ಟ್‌ವೇರಿನಿಂದ. ಅದು ಹುಟ್ಟಿದ ಊರಿನ ಪಕ್ಕದಲ್ಲೇ ಕೂತು ಅದೇ ವಿಷಯದಲ್ಲಿ ಫೇಲಾದಳು ಅಂತ ನಾವು ಈಗ ನಗುತ್ತೇವೆ. ಆಗ ನಕ್ಕಿರಲಿಲ್ಲ.

ಸೀಟು ಸಿಕ್ಕಿದ್ದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಅಲ್ಲಿ ಮಾಸ್ಟರ್ಸ್‌ನಲ್ಲಿ ಎರಡು ಜಾತಿ ಇದೆ. ಒಂದು, ಡಿಗ್ರಿ ಮುಗಿಸಿ ಅದೇ ವಿಷಯದಲ್ಲಿ ನೇರ ಮುಂದುವರಿಯುವಂಥದ್ದು. ಇನ್ನೊಂದು, ಕನಿಷ್ಠ ಒಂದು ವರ್ಷ ಕೆಲಸ ಮಾಡಿ ಬಂದವರಿಗೆ ಅಂತಲೇ ಇರುವಂಥದ್ದು. ಬಿ.ಕಾಂ. ಓದಿದವಳಿಗೆ ಮೊದಲನೆಯದರ ಬಾಗಿಲು ತೆಗೆಯಲಿಲ್ಲ, ಕಂಪ್ಯೂಟರ್ ವಿಷಯದ ಅಂಕಗಳೇ ಸಾಲದು ಅಂದರು. ಎರಡನೆಯದರಲ್ಲಿ ಅವಳ ಎಂಟು ವರ್ಷಕ್ಕೆ ಬೆಲೆ ಬಂತು. ಫೀಸು ಮಾತ್ರ ಜಾಸ್ತಿ. ಸರ್ಕಾರದ ಹತ್ತಿರ ಹತ್ತಿರ ಬಿಟ್ಟಿ ಓದು ಅಂತ ಜರ್ಮನಿಗೆ ಇರುವ ಹೆಸರು ಈ ಎರಡನೇ ಜಾತಿಗೆ ಅನ್ವಯಿಸುವುದಿಲ್ಲ.

ಗಂಟೆಯ ಲೆಕ್ಕ

ಇಲ್ಲಿಂದ ನನ್ನ ಇಷ್ಟದ ಭಾಗ, ಲೆಕ್ಕ.

ಯುರೋಪಿನಲ್ಲಿ ಓದನ್ನು ಕ್ರೆಡಿಟ್‌ನಲ್ಲಿ ಅಳೆಯುತ್ತಾರೆ. ಜರ್ಮನಿಯಲ್ಲಿ ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಯ ಕೆಲಸ. ಅವಳ ವಿಶ್ವವಿದ್ಯಾಲಯದಲ್ಲಿ 30. ಪಾಠ ಕೇಳುವುದು, ಓದುವುದು, ಲೆಕ್ಕ ಮಾಡುವುದು, ಪರೀಕ್ಷೆ ಬರೆಯುವುದು ಎಲ್ಲ ಸೇರಿ. ಮಾಸ್ಟರ್ಸ್‌ಗೆ 120 ಕ್ರೆಡಿಟ್. ಅಂದರೆ 3,600 ಗಂಟೆ. ನಾಲ್ಕು ವರ್ಷದಲ್ಲಿ ಮುಗಿಸುತ್ತೇನೆ ಅಂದರೆ ವರ್ಷಕ್ಕೆ 900, ವಾರಕ್ಕೆ ಹದಿನೇಳು ಚಿಲ್ಲರೆ. ಹಬ್ಬ, ಜ್ವರ, ಊರಿಗೆ ಬಂದ ರಜೆ ಯಾವುದೂ ಕಳೆಯದೆ.

2021ರ ಅಕ್ಟೋಬರಿನಲ್ಲಿ ಸೇರುವ ಮುಂಚೆ ಅವಳು ಈ ಲೆಕ್ಕ ಮಾಡಿರಲಿಲ್ಲ. "ಆನ್‌ಲೈನ್ ಅಲ್ವಾ, ಟೈಮ್ ಸಿಕ್ಕಾಗ ಓದಿದ್ರಾಯ್ತು" ಅಂದುಕೊಂಡಿದ್ದಳು. ಟೈಮ್ ಸಿಗುವುದಿಲ್ಲ. ಮಗನಿಗೆ ಆಗ ಎರಡೂವರೆ ವರ್ಷ. ಮೊದಲ ಎರಡು ತಿಂಗಳು ಒಗೆಯುವ ಮಷಿನ್ ಪಕ್ಕ ನಿಂತು ಪಾಠದ ವಿಡಿಯೊ ನೋಡಿದಳು. ಟ್ರಾಮ್‌ನಲ್ಲಿ ನೋಡಿದಳು. ಒಂದೂವರೆ ಪಟ್ಟು ವೇಗದಲ್ಲಿ, ಅದೂ ಜರ್ಮನ್‌ನಲ್ಲಿ. ವಿಡಿಯೊ ಮುಗಿದರೆ ಓದು ಮುಗಿಯಿತು ಅಂತ ಲೆಕ್ಕ.

ಫೇಲಾದ ಮೇಲೆ ಗಂಡ ಹೆಂಡತಿ ಕೂತು ಒಂದು ವಾರವನ್ನು ಹಾಳೆ ಮೇಲೆ ಹರಡಿದರು. ಸೋಮವಾರದಿಂದ ಶುಕ್ರವಾರ ಬೆಳಗ್ಗೆ ಐದರಿಂದ ಆರೂವರೆ, ಏಳೂವರೆ ಗಂಟೆ ಸಿಕ್ಕಿತು. ಬುಧವಾರ ರಾತ್ರಿ ಎಂಟರಿಂದ ಹತ್ತು ಗುಂಪಿನ ಕೆಲಸಕ್ಕೆ. ಶನಿವಾರ ಬೆಳಗ್ಗೆ ನಾಲ್ಕು ಗಂಟೆ ಊರಿನ ಲೈಬ್ರರಿಯಲ್ಲಿ, ಆಗ ಮಗುವನ್ನು ಗಂಡ ಆಟದ ಬಯಲಿಗೆ ಕರೆದುಕೊಂಡು ಹೋಗಬೇಕು. ಭಾನುವಾರ ಊಟ ಆದ ಮೇಲೆ ಮೂರೂವರೆ ಗಂಟೆ. ಒಟ್ಟು 17. ಒಂದು ನಿಮಿಷವೂ ಮಿಕ್ಕಲಿಲ್ಲ. ನಮ್ಮ ಭಾನುವಾರದ ಕಾಲ್ ಅವಳ ಬೆಳಗಿನ ತಿಂಡಿ ಹೊತ್ತಿಗೆ ಸರಿಯಿತು. ಚಳಿಗಾಲದಲ್ಲಿ ಅವರು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ. ಅಮ್ಮ ಇನ್ನೂ ಆ ಲೆಕ್ಕ ತಪ್ಪುತ್ತಾರೆ.

ಇನ್ನೊಂದು ಲೆಕ್ಕವೂ ಆಗ ಬೆಳಕಿಗೆ ಬಂತು. ಅರ್ಧ ವರ್ಷಕ್ಕೆ 26 ವಾರ, ವಾರಕ್ಕೆ 17ರಂತೆ 442 ಗಂಟೆ. ಆರು ಕ್ರೆಡಿಟ್‌ನ ಒಂದು ವಿಷಯಕ್ಕೆ 180 ಗಂಟೆ. ಮೂರು ವಿಷಯ ಅಂದರೆ 540. ಅಂದರೆ ಅವಳು ಸೇರಿದ ದಿನವೇ ಸುಮಾರು ನೂರು ಗಂಟೆ ಸಾಲದಲ್ಲಿದ್ದಳು. ಎರಡೇ ವಿಷಯ ತಗೊಂಡಿದ್ದರೆ 360, ಎಂಬತ್ತು ಗಂಟೆ ಕೈಯಲ್ಲಿ ಉಳಿಯುತ್ತಿತ್ತು. ಅಂಗಡಿ ಲೆಕ್ಕ ಬರೆಯುವ ಯಾರಿಗೆ ತೋರಿಸಿದ್ದರೂ ಮೊದಲ ದಿನವೇ ಹೇಳುತ್ತಿದ್ದರು. ನನಗಂತೂ ತೋರಿಸಿರಲಿಲ್ಲ.

ಸಾಲದಲ್ಲಿರುವವರು ಯಾವ ಖರ್ಚು ಕಡಿಮೆ ಮಾಡುತ್ತಾರೆ? ಯಾವುದರಲ್ಲಿ ಧೈರ್ಯ ಇದೆಯೋ ಅದರಲ್ಲಿ. ಅವಳ ಎಕ್ಸೆಲ್ ಹಾಳೆ ಅದನ್ನೇ ಹೇಳುತ್ತದೆ. ಪ್ರಾಸೆಸ್ ಮಾಡೆಲಿಂಗ್‌ಗೆ 180 ಗಂಟೆಯ ಬದಲು ಬರೀ 60. ಪಕ್ಕದಲ್ಲಿ ಅವಳದೇ ಟಿಪ್ಪಣಿ: "ಇದು ಗೊತ್ತಿರೋದೇ."

ಗೊತ್ತಿರೋದರಲ್ಲೇ ಫೇಲಾಗಿದ್ದು

ಅಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ತಿದ್ದಿದ ಉತ್ತರ ಪತ್ರಿಕೆಯನ್ನು ವಿದ್ಯಾರ್ಥಿ ನೋಡಬಹುದು. ಸ್ಕ್ಯಾನ್ ಮಾಡಿದ್ದನ್ನು ಪರದೆ ಮೇಲೆ ತೋರಿಸಿದರು. ಅರ್ಧ ಗಂಟೆ ಸಮಯ.

ಪ್ರಶ್ನೆ ಸರಳ. ಒಂದು ಕಾರ್ಖಾನೆ ಕಚ್ಚಾ ಮಾಲು ಆರ್ಡರ್ ಮಾಡುವಲ್ಲಿಂದ ದುಡ್ಡು ಕೊಡುವ ತನಕ ಏನೇನು ನಡೆಯುತ್ತದೆ, ಚಿತ್ರ ಬರೆಯಿರಿ. ತಂಗಿ ಬರೆದಿದ್ದು ಹೀಗೆ: ಎಂಇ21ಎನ್, ಆಮೇಲೆ ಮಿಗೊ, ಆಮೇಲೆ ಮಿರೊ, ಆಮೇಲೆ ಎಫ್110. ಎಸ್‌ಎಪಿಯಲ್ಲಿ ಕೆಲಸ ಮಾಡಿದವರಿಗೆ ಇದು ಬಾಯಿಪಾಠ. ಆರ್ಡರ್ ಹಾಕುವ ಪರದೆ, ಮಾಲು ಬಂದಿದ್ದು ದಾಖಲಿಸುವ ಪರದೆ, ಬಿಲ್ ತಾಳೆ ನೋಡುವ ಪರದೆ, ಪಾವತಿ ಓಡಿಸುವ ಪರದೆ. ಉತ್ತರ ತಪ್ಪೇನಲ್ಲ. ಆದರೆ ತಿದ್ದಿದವರು ಅಂಚಿನಲ್ಲಿ ಬರೆದಿದ್ದರು: ಇವು ಒಂದು ಸಾಫ್ಟ್‌ವೇರಿನ ಬಾಗಿಲುಗಳು, ನಾವು ಕೇಳಿದ್ದು ಮನೆಯ ನಕ್ಷೆ.

ಈ ಮಾತು ನನಗೂ ತಟ್ಟಿತು. ನಮ್ಮ ಕಡೆ ಟ್ಯಾಲಿ ಕಲಿತ ಹುಡುಗರನ್ನು ಕೇಳಿ ನೋಡಿ. ಖರೀದಿ ಎಂಟ್ರಿ ಹೇಗೆ ಅಂದರೆ "ಎಫ್9" ಅನ್ನುತ್ತಾರೆ. ಯಾವ ಖಾತೆಗೆ ಖರ್ಚು, ಯಾವ ಖಾತೆಗೆ ಜಮೆ ಅಂದರೆ ಸುಮ್ಮನಾಗುತ್ತಾರೆ. ಬೆರಳಿಗೆ ಗೊತ್ತು, ತಲೆಗೆ ಗೊತ್ತಿಲ್ಲ. ಸಾಧನದಲ್ಲಿ ಪಳಗಿದವರಿಗೆ ಈ ಓದು ಹೊಸಬರಿಗಿಂತ ಕಷ್ಟ ಅಂತ ನನ್ನ ಅಭಿಪ್ರಾಯ. ಹೊಸಬರಿಗೆ ಮರೆಯಬೇಕಾದ್ದು ಇರುವುದಿಲ್ಲ.

ಎರಡನೇ ಪ್ರಶ್ನೆ ಇನ್ನೂ ಸೂಕ್ಷ್ಮ. ಅದಕ್ಕೆ ಒಂದು ಚಿತ್ರಭಾಷೆ ಬಳಸಬೇಕಿತ್ತು. ಜಾರ್‌ಬ್ರ್ಯೂಕೆನ್ ಊರಿನಲ್ಲಿ ಪ್ರೊಫೆಸರ್ ಆಗುಸ್ಟ್-ವಿಲ್‌ಹೆಲ್ಮ್ ಶೇರ್ ಮತ್ತು ಜೊತೆಗಾರರು 1990ರ ದಶಕದ ಶುರುವಿನಲ್ಲಿ ರೂಪಿಸಿದ್ದು. ಜರ್ಮನ್ ಹೆಸರು ಉದ್ದ, ಚಿಕ್ಕದಾಗಿ ಇಪಿಕೆ ಅನ್ನುತ್ತಾರೆ. ಅದರಲ್ಲಿ ಮುಖ್ಯವಾಗಿ ಎರಡು ಆಕಾರ. ಆರು ಮೂಲೆಯದು ಘಟನೆ, "ಮಾಲು ಬಂತು" ಅನ್ನುವ ಹಾಗೆ. ಮೂಲೆ ದುಂಡಗಿರುವ ಚೌಕ ಅಂದರೆ ಕೆಲಸ, "ಮಾಲು ಪರೀಕ್ಷಿಸು" ಅನ್ನುವ ಹಾಗೆ. ಘಟನೆ, ಕೆಲಸ, ಘಟನೆ, ಕೆಲಸ ಅಂತ ಸರಪಳಿ ಸಾಗುತ್ತದೆ. ದಾರಿ ಕವಲೊಡೆಯುವ ಕಡೆ ಒಂದು ಸಣ್ಣ ವೃತ್ತ ಹಾಕಿ, "ಇದು ಇಲ್ಲವೇ ಅದು, ಎರಡೂ ಒಟ್ಟಿಗೆ ಅಲ್ಲ" ಅಂತ ಗುರುತು ಮಾಡುತ್ತಾರೆ.

ತಂಗಿ "ಮಾಲು ಬಂತು" ಅನ್ನುವ ಘಟನೆ ಆದ ಕೂಡಲೇ ಕವಲು ಹಾಕಿದ್ದಳು. ಒಂದು ಕಡೆ "ಮಾಲು ಸರಿ ಇದೆ", ಇನ್ನೊಂದು ಕಡೆ "ಸರಿ ಇಲ್ಲ". ಅಲ್ಲಿ ಕೆಂಪು ಗೆರೆ. ಘಟನೆ ಆದ ಮೇಲೆ ಈ ಥರದ ಕವಲು ಹಾಕುವಂತಿಲ್ಲ, ಘಟನೆಗೆ ತೀರ್ಮಾನ ಮಾಡುವ ಶಕ್ತಿ ಇಲ್ಲ, ಅಂತ ನಿಯಮ. ಅರ್ಧ ಗಂಟೆ ಮುಗಿಯಿತು, ಪರದೆ ಮುಚ್ಚಿತು. ಅವಳಿಗೆ ನಿಯಮ ಅರ್ಥವಾಯಿತು, ಕಾರಣ ಅರ್ಥವಾಗಲಿಲ್ಲ. "ಎರಡು ಗೆರೆ ಎಲ್ಲಿಂದ ಎಳೆದರೆ ಏನು ಅಣ್ಣಯ್ಯ? ಸುಮ್ನೆ ಅಂಕ ಕೀಳೋಕೆ ಮಾಡಿರೋ ರೂಲು" ಅಂತ ಅತ್ತಳು.

ಅಳುವುದಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮಲ್ಲಿ ಬ್ಯಾಕ್‌ಲಾಗ್ ಅಂದರೆ ವರ್ಷಾನುಗಟ್ಟಲೆ ಕಟ್ಟುತ್ತಾ ಹೋಗಬಹುದು. ಅಲ್ಲಿ ಸಾಮಾನ್ಯವಾಗಿ ಮೂರೇ ಸಲ. ಮೂರನೇ ಸಲವೂ ಹೋದರೆ ಕೋರ್ಸಿನಿಂದಲೇ ಹೊರಗೆ. ಒಂದು ಸಲ ಖರ್ಚಾಗಿತ್ತು.

ಅಪ್ಪಯ್ಯನ ಚೀಲ

ಮುಂದಿನ ಭಾನುವಾರ ಅವಳು ಆ ಚಿತ್ರವನ್ನು ಕ್ಯಾಮೆರಾಕ್ಕೆ ಹಿಡಿದಳು. ನನಗೆ ಅರ್ಥ ಮಾಡಿಸುವುದಕ್ಕೆ ಅಂತ "ಮಾಲು" ಅನ್ನುವುದರ ಬದಲು ನಮ್ಮ ಅಡಿಕೆಯನ್ನೇ ಇಟ್ಟು ವಿವರಿಸಿದಳು. ಮಂಡಿಗೆ ಚೀಲ ಬಂತು. ಬಂದ ಕೂಡಲೇ ಅಡಿಕೆಯ ಬಗೆಯ ಪ್ರಕಾರ ಒಂದು ಗೆರೆ ರಾಶಿ, ಒಂದು ಗೆರೆ ಬೆಟ್ಟೆ, ಒಂದು ಗೆರೆ ಗೊರಬಲು.

ಅಪ್ಪಯ್ಯ ಅಷ್ಟು ಹೊತ್ತು ಸುಮ್ಮನಿದ್ದವರು ಬಾಯಿ ಹಾಕಿದರು. "ಅದೆಂತದೇ ಮಾರಾಯ್ತಿ? ಚೀಲ ತಾನಾಗೇ ಹೇಳ್ತದಾ, ನಾನು ರಾಶಿ ಅಂತ? ಕೈ ಹಾಕಿ ನೋಡೋನು ಒಬ್ಬ ಬೇಕಲ್ವಾ?"

ಆ ಕಡೆ ಒಂದು ನಿಮಿಷ ಮಾತಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಹೋಗಿರಲಿಲ್ಲ.

ಶಿವಮೊಗ್ಗದ ಅಡಿಕೆ ಮಾರುಕಟ್ಟೆ ನೋಡಿಲ್ಲದವರಿಗೆ ಎರಡು ಮಾತು. ಇಲ್ಲಿ ಸರಕು, ರಾಶಿ, ಬೆಟ್ಟೆ, ಗೊರಬಲು ಅಂತ ಬಗೆಗಳಿವೆ. ಸರಕಿಗೆ ಎಲ್ಲಕ್ಕಿಂತ ಜಾಸ್ತಿ ದರ, ಗೊರಬಲಿಗೆ ಕಡಿಮೆ. ಒಂದೇ ತೋಟದ ಅಡಿಕೆ ಎಷ್ಟು ಎಳೆಯದಾಗಿ ಕೊಯ್ದಿರಿ, ಹೇಗೆ ಬೇಯಿಸಿ ಚೊಗರು (ಬೇಯಿಸಿದ ರಸ) ಹಾಕಿ ಒಣಗಿಸಿದಿರಿ ಅನ್ನುವುದರ ಮೇಲೆ ಬೇರೆ ಬೇರೆ ಬಗೆಗೆ ಹೋಗುತ್ತದೆ. ಖರೀದಿದಾರ ಬಂದು ಚೀಲದೊಳಗೆ ಮೊಣಕೈ ತನಕ ಕೈ ಹಾಕುತ್ತಾನೆ. ಮೇಲೆ ಒಳ್ಳೆಯದಿಟ್ಟು ಕೆಳಗೆ ಕಳಪೆ ತುಂಬಿದ್ದಾರಾ ಅಂತ ನೋಡುತ್ತಾನೆ. ನಾಲ್ಕು ಕಾಳು ತೆಗೆದು ಅಂಗೈಯಲ್ಲಿ ಉರುಳಿಸುತ್ತಾನೆ. ಒಂದನ್ನು ಒಡೆದು ಒಳಗಿನ ಬಣ್ಣ ನೋಡುತ್ತಾನೆ. ಅದೆಲ್ಲ ಆಗುವ ತನಕ ಚೀಲಕ್ಕೆ ಜಾತಿ ಇಲ್ಲ. ಆ ನೋಡುವ ಕೆಲಸಕ್ಕೆ ಒಬ್ಬ ಆಳು ಬೇಕು, ಸಮಯ ಬೇಕು, ಅವನ ತೀರ್ಪು ತಪ್ಪಾಗಲೂಬಹುದು. "ಚೀಲ ಬಂತು" ಅನ್ನುವಲ್ಲಿಂದ ನೇರ "ರಾಶಿ" ಅನ್ನುವಲ್ಲಿಗೆ ಗೆರೆ ಎಳೆದರೆ ಆ ಮನುಷ್ಯ ಚಿತ್ರದಿಂದ ಮಾಯ. ಅವನ ಸಂಬಳ ಮಾಯ, ಅವನು ಮಾಡುವ ತಪ್ಪು ಮಾಯ. ಆ ಚಿತ್ರ ನೋಡಿ ಸಾಫ್ಟ್‌ವೇರ್ ಬರೆದರೆ ಗ್ರೇಡ್ ಯಾರು ಹಾಕಿದರು ಅಂತ ಬರೆಯುವ ಜಾಗವೇ ಇರುವುದಿಲ್ಲ.

ಆ ರಾತ್ರಿ ಅವಳು ಇಡೀ ಮಂಡಿಯನ್ನು ಬರೆದಳು. ಫೋಟೊ ನನ್ನ ಹತ್ತಿರ ಇದೆ. ಗೇಟಿನಲ್ಲಿ ಎಂಟ್ರಿ, ಹಮಾಲರು ಇಳಿಸುವುದು, ಲಾಟ್ ನಂಬರ್, ನೋಡುವುದು, ಟೆಂಡರ್, ಒಪ್ಪಿಗೆ, ತೂಕ, ಮಾರಾಟದ ಲೆಕ್ಕದ ಪಟ್ಟಿ, ದುಡ್ಡು. ಹನ್ನೊಂದು ಆರು ಮೂಲೆ, ಹತ್ತು ಚೌಕ. ಅಂಚಿನಲ್ಲಿ ಕನ್ನಡದಲ್ಲಿ "ಆಯ್ತು", "ಮಾಡು" ಅಂತ ಬರೆದಿದ್ದಾಳೆ. ಘಟನೆ ಅಂದರೆ "ಆಯ್ತು", ಕೆಲಸ ಅಂದರೆ "ಮಾಡು". ಪಾಠ ಕೇಳುವುದು ಜರ್ಮನ್‌ನಲ್ಲಿ, ಆಫೀಸಿನ ಅಭ್ಯಾಸದಿಂದ ಯೋಚನೆ ಇಂಗ್ಲಿಷಿನಲ್ಲಿ, ಅರ್ಥ ಆಗಿದ್ದು ಮಾತ್ರ ಈ ಎರಡು ಪದದಲ್ಲಿ.

ಸೆಪ್ಟೆಂಬರಿನಲ್ಲಿ ಮತ್ತೆ ಬರೆದಳು. ಈ ಸಲ ಮನೆಯಿಂದಲೇ, ಕ್ಯಾಮೆರಾ ಮುಂದೆ. ಪರೀಕ್ಷೆ ಶುರುವಾಗುವ ಮುಂಚೆ ಲ್ಯಾಪ್‌ಟಾಪ್ ಎತ್ತಿ ಕೋಣೆಯ ನಾಲ್ಕೂ ಗೋಡೆ ತೋರಿಸಬೇಕು. ಊರಿಂದ ಒಯ್ದ ಪಂಚಾಂಗದ ಕ್ಯಾಲೆಂಡರ್ ಗೋಡೆ ಮೇಲಿತ್ತು. ಒಂದೊಂದು ಚೌಕದಲ್ಲೂ ಇರುವೆ ಸಾಲಿನ ಹಾಗೆ ಅಕ್ಷರ. ಆ ಕಡೆಯಿಂದ ಪರೀಕ್ಷೆ ಕಾವಲು ಕಾಯುತ್ತಿದ್ದವರು ಗಾಬರಿಯಾಗಿ ಇದೇನು ಬರೆದಿದೆ ಅಂದರು. ತಿಥಿ, ನಕ್ಷತ್ರ, ರಾಹುಕಾಲ ಅಂತ ಜರ್ಮನ್‌ನಲ್ಲಿ ಹೇಗೆ ಹೇಳುವುದು? ತೆಗೆದು ಹೊರಗಿಟ್ಟು ಬಂದಳು. ಪ್ರಶ್ನೆ ಒಂದು ಸೈಕಲ್ ರಿಪೇರಿ ಅಂಗಡಿಯ ಬಗ್ಗೆ ಇತ್ತಂತೆ. ಸೈಕಲ್ ಅಂಗಡಿಗೆ ಬಂತು, ಆದರೆ ಸೈಕಲ್ ತಾನಾಗೇ ಹೇಳುವುದಿಲ್ಲ ಬ್ರೇಕ್ ಹೋಗಿದೆ ಅಂತ. 2.3 ಬಂತು.

'ಬೇಡ' ಅನ್ನುವ ಬಟನ್

ಆಮೇಲಿನ ಎರಡು ವರ್ಷ ಹೆಚ್ಚು ಹೇಳುವಂಥದ್ದಿಲ್ಲ. ಸೆಮಿಸ್ಟರಿಗೆ ಎರಡೇ ವಿಷಯ, ಬೆಳಗಿನ ಐದು ಗಂಟೆ, ಪಾಸು. ಬುಧವಾರದ ಗುಂಪಿನಲ್ಲಿ ನಾಲ್ಕು ಜನ. ಒಬ್ಬರು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ಅಲ್ಲೇ ಕಂಪ್ಯೂಟರ್ ವಿಭಾಗಕ್ಕೆ ಹೋದವರು, ಒಬ್ಬರು ಪುರಸಭೆಯವರು, ಇನ್ನೊಬ್ಬರು ಗೋದಾಮಿನ ಕೆಲಸದವರು. ಒಬ್ಬರನ್ನೊಬ್ಬರು ನಾಲ್ಕು ವರ್ಷದಲ್ಲಿ ಒಮ್ಮೆಯೂ ಮುಖಾಮುಖಿ ನೋಡಿಲ್ಲ. ಮಕ್ಕಳ ಜ್ವರ ಮಾತ್ರ ಎಲ್ಲರಿಗೂ ಗೊತ್ತು.

ಡೇಟಾ ಮಾಡೆಲಿಂಗ್‌ನಲ್ಲಿ, ಅಂದರೆ ಯಾವ ಮಾಹಿತಿ ಯಾವುದಕ್ಕೆ ಹೇಗೆ ಸಂಬಂಧಿಸುತ್ತದೆ ಅಂತ ಚಿತ್ರ ಬರೆಯುವ ವಿಷಯದಲ್ಲಿ, ಮತ್ತೆ ಮಂಡಿ ಬಂತು. ರೈತ ಒಂದು ಡಬ್ಬಿ, ಲಾಟ್ ಒಂದು ಡಬ್ಬಿ, ನಡುವೆ ಒಂದು ಗೆರೆ. ಕಂಪ್ಯೂಟರ್ ವಿಜ್ಞಾನಿ ಪೀಟರ್ ಚೆನ್ 1976ರಲ್ಲಿ ತೋರಿಸಿಕೊಟ್ಟ ಚಿತ್ರ ಇದು. ಗೆರೆ ಎಳೆಯುವಾಗ ಕಷ್ಟ ಶುರು. ನಮ್ಮ ಮನೆಯದೇ ನೋಡಿ. ತೋಟದ ಖಾತೆ ಅಪ್ಪಯ್ಯನ ಹೆಸರಲ್ಲಿ. ಮಂಡಿಗೆ ಚೀಲ ಒಯ್ಯುವವನು ನಾನು. ಒಂದೊಂದು ಸಲ ಪಕ್ಕದ ಮನೆಯವರ ಎರಡು ಚೀಲವೂ ನಮ್ಮ ಗಾಡಿಯಲ್ಲೇ. ಹಾಗಾದರೆ "ರೈತ" ಅಂದರೆ ಯಾರು? ಜಮೀನು ಇರುವವರಾ, ಬೆಳೆದವರಾ, ತಂದವರಾ, ದುಡ್ಡು ತಗೊಳ್ಳುವವರಾ? ಒಂದು ಡಬ್ಬಿ ಒಡೆದು ನಾಲ್ಕಾಯಿತು. ಅವಳಿಗೆ ಅದರಲ್ಲಿ ಖುಷಿಯೋ ಖುಷಿ.

2024ರ ಸೆಮಿನಾರ್ ಪ್ರಬಂಧಕ್ಕೆ ಅವಳು ನಮ್ಮ ರಾಜ್ಯದ ಏಕೀಕೃತ ಮಾರುಕಟ್ಟೆ ವ್ಯವಸ್ಥೆಯನ್ನು ಆರಿಸಿಕೊಂಡಳು. ಎಪಿಎಂಸಿಗಳಲ್ಲಿ ಟೆಂಡರ್ ಅನ್ನು ಕಂಪ್ಯೂಟರಿಗೆ ತಂದಿದ್ದು ಇದು. 2014ರಲ್ಲಿ ಶುರುವಾಯಿತು. ರಾಜ್ಯ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಅನ್ನುವ ಸರಕು ವಹಿವಾಟಿನ ಸಂಸ್ಥೆ ಸೇರಿ ಇದಕ್ಕೆ ಅಂತಲೇ ಒಂದು ಕಂಪನಿ ಮಾಡಿದವು. ದೇಶದ ಮಟ್ಟದ ಆನ್‌ಲೈನ್ ಕೃಷಿ ಮಾರುಕಟ್ಟೆ ಇ-ನಾಮ್ ಬಂದಿದ್ದು ಅದಾದ ಮೇಲೆ, 2016ರ ಏಪ್ರಿಲ್ 14ರಂದು. ಗುಂಪಿನವರಿಗೆ ಮೊದಲು ಅಡಿಕೆ ಅಂದರೇನು ಅಂತ ಅರ್ಥ ಮಾಡಿಸುವುದೇ ಒಂದು ಬುಧವಾರ ತಗೊಂಡಿತು. ಅವರ ಭಾಷೆಯಲ್ಲಿ ಅಡಿಕೆಗೆ ವೀಳ್ಯದೆಲೆಯ ಹೆಸರೇ ಅಂಟಿಕೊಂಡಿದೆ. ಎಲೆ ಬೇರೆ ಬಳ್ಳಿ, ಕಾಯಿ ಬೇರೆ ಮರ, ಬಾಯಲ್ಲಿ ಮಾತ್ರ ಒಟ್ಟಿಗೆ ಅಂತ ಹೇಳಬೇಕಾಯಿತು.

ಪ್ರಬಂಧದ ಕರಡು ಚೆನ್ನಾಗಿತ್ತು, ನನಗೆ ಓದಿ ಹೇಳಿದ್ದಳು. ಹಳೆಯ ಕಾಲದಲ್ಲಿ ಚೀಟಿ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು. ಈಗ ಖರೀದಿದಾರ ಪರದೆಯಲ್ಲಿ ದರ ಹಾಕುತ್ತಾನೆ, ಮೇಲಿನ ದರ ಗೆಲ್ಲುತ್ತದೆ, ರೈತನಿಗೆ ಎಸ್‌ಎಂಎಸ್ ಬರುತ್ತದೆ. ದರ ಸರಿ ಬರದಿದ್ದರೆ ರೈತ ಬೇಡ ಅನ್ನಬಹುದು. ಇದನ್ನೆಲ್ಲ ಅಂದವಾಗಿ ಚಿತ್ರ ಮಾಡಿ, "ರೈತ ದರ ನೋಡು" ಅನ್ನುವ ಕೆಲಸ ಆದ ಮೇಲೆ ಸರಿಯಾದ ಜಾಗದಲ್ಲೇ ಕವಲು ಹಾಕಿದ್ದಳು. ಒಪ್ಪಿದ, ಒಪ್ಪಲಿಲ್ಲ.

ಕರಡು ನೋಡಿದ ಪ್ರೊಫೆಸರ್ ಒಂದೇ ಪ್ರಶ್ನೆ ಕೇಳಿದರು. ನಿಮ್ಮ ತಂದೆ ಎಷ್ಟು ಸಲ ಒಪ್ಪದೆ ಇದ್ದಾರೆ?

ಭಾನುವಾರ ಆ ಪ್ರಶ್ನೆ ಅಪ್ಪಯ್ಯನ ಮುಂದೆ ಬಂತು. ಅವರು ನಕ್ಕರು. "ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಸೋಕೆ ದುಡ್ಡು ಎಲ್ಲಿಂದ ಬರ್ತದೆ? ಮೈಲುತುತ್ತ, ಸುಣ್ಣ, ಮರ ಹತ್ತೋರ ಕೂಲಿ. ಮಂಡಿಯಿಂದ ಮುಂಗಡ ತಂದಿರ್ತೇವೆ. ಅವರ ದುಡ್ಡು ನಮ್ಮ ಹತ್ರ ಇಟ್ಕೊಂಡು ಅವರ ಮುಖ ನೋಡಿ ಬೇಡ ಅಂತ ಹೇಗೆ ಹೇಳೋದು?"

ಮುಂಗಡ ಕೊಡುವುದರಲ್ಲಿ ಮಂಡಿಯವರ ತಪ್ಪೇನಿಲ್ಲ. ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್ ತನಕ ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಫಸಲೇ ಉದುರಿ ಹೋಗುತ್ತದೆ. ಆಗ ಕೇಳಿದ ದಿನವೇ ದುಡ್ಡು ಕೊಡುವವರು ಅವರೇ. ನಾನೇ ಎಷ್ಟೋ ಮಂಡಿಗಳ ಮುಂಗಡದ ಖಾತೆ ಬರೆಯುತ್ತೇನೆ. ಆದರೆ ಆ ಖಾತೆ ಸರ್ಕಾರದ ಕಂಪ್ಯೂಟರಿನಲ್ಲಿ ಇಲ್ಲ. ಅಲ್ಲಿ ಒಂದು "ಬೇಡ" ಇದೆ, ಅದನ್ನು ಒತ್ತಲು ಬಿಡದ ಪುಸ್ತಕ ನನ್ನ ಮೇಜಿನ ಮೇಲಿದೆ. ಹತ್ತು ವರ್ಷದಿಂದ ಬರೆಯುತ್ತಿದ್ದ ನನಗೇ ಇದು ಹೊಳೆದಿರಲಿಲ್ಲ.

ತಂಗಿ ಓದುವ ವಿಷಯದಲ್ಲಿ ಮಾಹಿತಿ ವ್ಯವಸ್ಥೆ ಅಂದರೆ ಮನುಷ್ಯ, ಕೆಲಸ, ತಂತ್ರ ಮೂರೂ ಸೇರಿದ್ದು ಅಂತ ಮೊದಲ ಪುಟದಲ್ಲೇ ಬರೆದಿರುತ್ತಾರೆ. ಮೂರು ವರ್ಷ ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದಿದ್ದಳು. ಆ ವಾರ ಇಡೀ ಪ್ರಬಂಧ ಹರಿದು ಹೊಸದಾಗಿ ಬರೆದಳು. ಹದಿನೇಳು ಗಂಟೆ ಸಾಲದೆ ಎರಡು ದಿನ ಆಫೀಸಿಗೆ ರಜೆ ಹಾಕಿದಳು. 1.7 ಬಂತು. ಅಪ್ಪಯ್ಯನಿಗೆ ಈಗ ಲೆಕ್ಕ ಗೊತ್ತು. "ಕಡಿಮೆ ಬಂದಿದೆ, ಒಳ್ಳೇದಾಯ್ತು" ಅಂದರು.

ಈಗಿನ ಸ್ಥಿತಿ

2025ರ ಬೇಸಿಗೆ ಸೆಮಿಸ್ಟರ್ ಮುಗಿದಾಗ 90 ಕ್ರೆಡಿಟ್ ಆಗಿದೆ. ಉಳಿದ 30 ಕ್ರೆಡಿಟ್ ಅಂತಿಮ ಪ್ರಬಂಧಕ್ಕೆ. ನಾಲ್ಕು ವರ್ಷದ ಯೋಜನೆ ಐದನೇ ವರ್ಷಕ್ಕೆ ಕಾಲಿಟ್ಟಿದೆ. ಕಂಪನಿಯಲ್ಲಿ ಹುದ್ದೆ ಇನ್ನೂ ಬದಲಾಗಿಲ್ಲ. ಹೊಸ ಸಾಫ್ಟ್‌ವೇರ್ ತರುವ ಮೀಟಿಂಗಿಗೆ ಮಾತ್ರ ಈಗ ಕರೆಯುತ್ತಾರಂತೆ. ಅಲ್ಲಿ ಅವಳು ಕೇಳುವ ಮೊದಲ ಪ್ರಶ್ನೆ, ಇದನ್ನು ಕೈ ಹಾಕಿ ನೋಡುವವರು ಯಾರು ಅಂತ.

ಮೈದಾನ ಬಿಟ್ಟು ಓಡೋಣ ಅನ್ನಿಸಿದ್ದು ಎರಡು ಸಲ. ಒಂದು, ಫೇಲಾದಾಗ. ಇನ್ನೊಂದು, 2023ರಲ್ಲಿ ಅಮ್ಮನಿಗೆ ಆಪರೇಷನ್ ಆದಾಗ. ಬಂದು ಮೂರು ವಾರ ಇದ್ದಳು. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತು ಅಸೈನ್‌ಮೆಂಟ್ ಕಳಿಸಿದಳು. ಕಾಲೇಜಿಗೆ ಹೋಗಿ ಓದುವ ಕೋರ್ಸಾಗಿದ್ದರೆ ಆ ಸೆಮಿಸ್ಟರ್ ಹೋಗುತ್ತಿತ್ತು. ಆನ್‌ಲೈನ್ ಬಗ್ಗೆ ನನಗೆ ಇರುವ ಒಂದೇ ಒಂದು ಪೂರ್ತಿ ಮೆಚ್ಚುಗೆ ಇದು.

ಬೆಂಗಳೂರಿನಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಇದನ್ನೆಲ್ಲ ಕೇಳಿ, ಇಲ್ಲಿ ಕೂತೇ ಜರ್ಮನಿಯ ಆನ್‌ಲೈನ್ ಕೋರ್ಸಿಗೆ ಸೇರಿದರೆ ವೀಸಾ ಸಿಗುತ್ತಾ ಅಂದ. ಆನ್‌ಲೈನ್ ಓದಿಗೆ ಅಲ್ಲಿ ಹೋಗಿ ಇರಬೇಕಾದ ಕಾರಣವೇ ಇಲ್ಲವಲ್ಲ, ಅದರ ಮೇಲೆ ಸ್ಟೂಡೆಂಟ್ ವೀಸಾ ಕೊಡುವುದಿಲ್ಲ. ತಂಗಿ ಮೊದಲೇ ಅಲ್ಲಿದ್ದಳು. ಇಲ್ಲೇ ಇರುವವನು ಇಲ್ಲಿಯ ಆನ್‌ಲೈನ್ ಎಂಬಿಎನೋ ಎಂಸಿಎನೋ ನೋಡಬಹುದು. ಯುಜಿಸಿಯ 2020ರ ನಿಯಮದ ಪ್ರಕಾರ ಆನ್‌ಲೈನ್ ಡಿಗ್ರಿ ಕೊಡಲು ಯಾವ ವಿಶ್ವವಿದ್ಯಾಲಯಕ್ಕೆ ಅನುಮತಿ ಇದೆ ಅಂತ ಪಟ್ಟಿ ಹಾಕುತ್ತಾರೆ, ಸೇರುವ ಮುಂಚೆ ಅದನ್ನು ನೋಡು ಅಂದೆ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ ಕೆಲವು ವರ್ಷ ಮಾನ್ಯತೆ ನಿಂತು 2018ರಲ್ಲಿ ಮರಳಿ ಬಂತು. ನಡುವೆ ಓದಿದವರು ಸರ್ಟಿಫಿಕೇಟ್ ಹಿಡಿದು ಅಲೆದಿದ್ದು ನಮ್ಮ ಓಣಿಯಲ್ಲೇ ಇಬ್ಬರಿಗೆ ಗೊತ್ತು. ಅವನು ಪಟ್ಟಿಯ ವಿಷಯ ಬಿಟ್ಟು, "ವಾರಕ್ಕೆ ಹದಿನೇಳು ಗಂಟೆನಾ ಅಣ್ಣ?" ಅಂತ ಮತ್ತೆ ಮತ್ತೆ ಕೇಳಿದ. ಇನ್ನೂ ಸೇರಿಲ್ಲ.

ಅಂತಿಮ ಪ್ರಬಂಧಕ್ಕೆ ತಂಗಿ ಮುಂಗಡದ ಖಾತೆಯನ್ನೇ ವಿಷಯ ಮಾಡಿಕೊಂಡಿದ್ದಾಳೆ. ಲೆಕ್ಕ ಪುಸ್ತಕದಲ್ಲಿರುವ ಸಾಲ, ಕಂಪ್ಯೂಟರಿನಲ್ಲಿರುವ ಒಪ್ಪಿಗೆ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಬೇಕಂತೆ. ನನ್ನ ಹತ್ತಿರ ಪುಸ್ತಕ ಕೇಳಿದಳು. ಗಿರಾಕಿಗಳ ಲೆಕ್ಕ, ಕೊಡಲಾಗುವುದಿಲ್ಲ ಅಂದೆ. ಇದರ ಮೇಲೆ ಎರಡು ಭಾನುವಾರ ಜಗಳವಾಯಿತು. ಕೊನೆಗೆ ನಮ್ಮ ಮನೆಯದೇ ಹತ್ತು ವರ್ಷದ ಮಂಡಿ ಪಟ್ಟಿ ಕೊಡುವುದು, ಉಳಿದವರನ್ನು ಅವಳೇ ಹೋಗಿ ಕೇಳುವುದು, ಒಪ್ಪಿದವರದ್ದು ಹೆಸರಿಲ್ಲದೆ ಬರೆಯುವುದು ಅಂತ ತೀರ್ಮಾನ. ಡಿಸೆಂಬರಿನಲ್ಲಿ ಬರುತ್ತಾಳೆ, ಕೊಯ್ಲಿನ ಹೊತ್ತಿಗೆ. ಅಪ್ಪಯ್ಯ ಹಳೆಯ ಪಟ್ಟಿಗಳನ್ನು ಟ್ರಂಕಿನಿಂದ ತೆಗೆದು ವರ್ಷದ ಪ್ರಕಾರ ದಾರ ಕಟ್ಟಿ ಇಟ್ಟಿದ್ದಾರೆ. 2017ರದ್ದು ಇಲಿ ತಿಂದಿದೆ. ಮಂಡಿಗೆ ಬರುವ ದಿನ ಬಿಳಿ ಬಟ್ಟೆ ಹಾಕಬೇಡ, ಧೂಳು ಅಂತ ಈಗಲೇ ಹೇಳಿಟ್ಟಿದ್ದಾರೆ.